ಪ್ರಾಥಮಿಕ ಶಾಲೆಯ ಮಕ್ಕಳ ಕೈಗೆ ಮೊಬೈಲ್: ಯಾವ ಸೆಟ್ಟಿಂಗ್ ಮೊದಲು, ಎಲ್ಲಿ ಕೈಕೊಡುತ್ತದೆ?

ಓದುಬರಹ

ಒಂದರಿಂದ ಐದನೇ ತರಗತಿವರೆಗಿನ ಮಕ್ಕಳ ಪೋಷಕರಿಗೆ ಹಂಚಲು ಒಂದು ಹಾಳೆಯ ಟಿಪ್ಪಣಿ ತಯಾರಾಗಬೇಕಿದೆ. "ಮಕ್ಕಳ ಮೇಲೆ ಕಣ್ಣಿಡಿ" ಎಂದಷ್ಟೇ ಬರೆದರೆ ಯಾರಿಗೂ ಉಪಯೋಗವಿಲ್ಲ. ಎಲ್ಲಿ ಒತ್ತಬೇಕು, ಏನು ಆಯ್ಕೆ ಮಾಡಬೇಕು, ಅಷ್ಟು ಮಾಡಿದ ಮೇಲೂ ಮಗು ಹೇಗೆ ದಾಟಿಕೊಂಡು ಹೋಗುತ್ತದೆ ಎಂಬುದು ಬೇಕು. ಬಹಳಷ್ಟು ಮನೆಗಳಲ್ಲಿ ಮಗುವಿಗೆ ಸ್ವಂತ ಫೋನ್ ಇಲ್ಲ, ಅಪ್ಪ ಅಮ್ಮನ ಫೋನೇ ಗತಿ. ಅದನ್ನೂ ಗಮನದಲ್ಲಿಟ್ಟು ಹೇಳಿ.

ಬೀಗದಕೈ

ಹಂಚಿಕೊಂಡ ಫೋನಿನಿಂದಲೇ ಶುರು ಮಾಡೋಣ. ಸಾಮಾನ್ಯವಾಗಿ ಸಿಗುವ ಸಲಹೆಗಳೆಲ್ಲ ಮಗುವಿಗೆ ಬೇರೆ ಸಾಧನ ಇದೆ ಎಂದುಕೊಂಡು ಬರೆದವು. ಅಮ್ಮನ ಫೋನ್ ಕೈಗೆ ಬಂದರೆ ಅದರ ಜೊತೆಗೇ ವಾಟ್ಸಾಪ್, ಗ್ಯಾಲರಿ, ಹಣ ಪಾವತಿಯ ಆ್ಯಪ್, ಒಟಿಪಿ ಬರುವ ಮೆಸೇಜು, ದೊಡ್ಡವರ ಹೆಸರಿನ ಯೂಟ್ಯೂಬ್ ಖಾತೆ ಎಲ್ಲವೂ ಬರುತ್ತವೆ.

ಆಂಡ್ರಾಯ್ಡ್‌ನಲ್ಲಿ "ಆ್ಯಪ್ ಪಿನ್ನಿಂಗ್" ಎಂಬ ಸೌಲಭ್ಯವಿದೆ. ಸೆಟ್ಟಿಂಗ್ಸ್‌ನ ಸೆಕ್ಯುರಿಟಿ ವಿಭಾಗದಲ್ಲಿರುತ್ತದೆ. ಒಂದೊಂದು ಕಂಪನಿ ಒಂದೊಂದು ಕಡೆ ಇಟ್ಟಿರುವುದರಿಂದ ಸೆಟ್ಟಿಂಗ್ಸ್‌ನ ಮೇಲ್ಭಾಗದ ಹುಡುಕುವ ಜಾಗದಲ್ಲಿ "ಪಿನ್" ಎಂದು ಟೈಪ್ ಮಾಡುವುದು ಸುಲಭ. ಅದನ್ನು ಆನ್ ಮಾಡಿ, ಕೆಳಗೇ ಇರುವ "ಅನ್‌ಪಿನ್ ಮಾಡುವ ಮುನ್ನ ಪಿನ್ ಕೇಳು" (ಇಲ್ಲಿ ಪಿನ್ ಅಂದರೆ ಫೋನ್ ತೆರೆಯುವ ಗುಪ್ತಸಂಖ್ಯೆ) ಎಂಬುದನ್ನೂ ಆನ್ ಮಾಡಿ. ಆಮೇಲೆ ಮಗುವಿಗೆ ಬೇಕಾದ ಆ್ಯಪ್ ತೆರೆದು, ಇತ್ತೀಚಿನ ಆ್ಯಪ್‌ಗಳ ಪರದೆಗೆ ಹೋಗಿ, ಆ ಆ್ಯಪ್‌ನ ಐಕಾನ್ ಒತ್ತಿ "ಪಿನ್" ಆರಿಸಿದರೆ ಮಗು ಅಲ್ಲಿಂದ ಹೊರಗೆ ಬರಲಾಗದು. ಬಹಳ ಜನ ಮರೆಯುವುದು ಆ ಎರಡನೇ ಬಟನ್ನನ್ನು. ಅದು ಆಫ್ ಇದ್ದರೆ ಪರದೆಯನ್ನು ಕೆಳಗಿನಿಂದ ಎಳೆದು ಹಿಡಿದರೆ ಸಾಕು, ಇಡೀ ಫೋನ್ ತೆರೆದುಕೊಳ್ಳುತ್ತದೆ. ಮಕ್ಕಳು ಇದನ್ನು ಆಕಸ್ಮಿಕವಾಗಿಯೇ ಕಂಡುಕೊಳ್ಳುತ್ತಾರೆ.

ಐಫೋನ್‌ನಲ್ಲಿ ಇದೇ ಕೆಲಸಕ್ಕೆ "ಗೈಡೆಡ್ ಆ್ಯಕ್ಸೆಸ್". ಸೆಟ್ಟಿಂಗ್ಸ್, ಆ್ಯಕ್ಸೆಸಿಬಿಲಿಟಿ, ಗೈಡೆಡ್ ಆ್ಯಕ್ಸೆಸ್ ಎಂಬ ದಾರಿಯಲ್ಲಿ ಆನ್ ಮಾಡಿ, ಪ್ರತ್ಯೇಕ ಪಾಸ್‌ಕೋಡ್ ಇಡಿ. ಆ್ಯಪ್ ತೆರೆದು ಪಕ್ಕದ ಬಟನ್ ಮೂರು ಸಲ ಒತ್ತಿದರೆ ಶುರುವಾಗುತ್ತದೆ. ಸಮಯದ ಮಿತಿಯನ್ನೂ ಅಲ್ಲೇ ಹಾಕಬಹುದು.

ಇನ್ನೊಂದು ಮಾತು. ಆಟಕ್ಕೆ ಅನುಕೂಲವಾಗಲಿ ಎಂದು ಮಗುವಿನ ಬೆರಳಚ್ಚನ್ನು ಫೋನ್‌ಗೆ ಸೇರಿಸಿದ್ದರೆ ಇವತ್ತೇ ತೆಗೆಯಿರಿ. ಬೆರಳಚ್ಚಿನಿಂದ ಖರೀದಿ ದೃಢಪಡಿಸುವ ವ್ಯವಸ್ಥೆಗೆ ಅದು ಯಾರ ಬೆರಳು ಎಂಬ ಭೇದವಿಲ್ಲ.

ಕಂಪ್ಯೂಟರ್_ಮೇಷ್ಟ್ರು

ಬೀಗದಕೈ ಅವರು ಹೇಳಿದ್ದಕ್ಕೆ ವಾಟ್ಸಾಪ್ ಬಗ್ಗೆ ಒಂದಿಷ್ಟು ಸೇರಿಸುತ್ತೇನೆ, ಹಂಚಿಕೊಂಡ ಫೋನ್‌ನಲ್ಲಿ ಮಗು ನೋಡಬಾರದ್ದನ್ನು ನೋಡುವ ಸಾಮಾನ್ಯ ದಾರಿಯೇ ಅದು. ದೊಡ್ಡವರ ಗುಂಪಿಗೆ ಬಂದ ಅಪಘಾತದ ವಿಡಿಯೊ ತಾನಾಗಿ ಡೌನ್‌ಲೋಡ್ ಆಗಿ ಗ್ಯಾಲರಿಯಲ್ಲಿ ಕೂತಿರುತ್ತದೆ. ಮಗು ಫೋಟೊ ನೋಡಲು ಗ್ಯಾಲರಿ ತೆರೆದಾಗ ಎದುರಾಗುತ್ತದೆ. ವಾಟ್ಸಾಪ್‌ನೊಳಗಿನ ಸೆಟ್ಟಿಂಗ್ಸ್‌ನ "ಸ್ಟೋರೇಜ್ ಆ್ಯಂಡ್ ಡೇಟಾ"ದಲ್ಲಿ ಮೀಡಿಯಾ ಆಟೊ ಡೌನ್‌ಲೋಡ್ ಪೂರ್ತಿ ತೆಗೆದುಹಾಕಿ. "ಚಾಟ್ಸ್" ಒಳಗೆ "ಮೀಡಿಯಾ ವಿಸಿಬಿಲಿಟಿ" ಆಫ್ ಮಾಡಿ. "ಪ್ರೈವಸಿ" ಒಳಗೆ "ಗ್ರೂಪ್ಸ್" ಎಂಬಲ್ಲಿ "ಮೈ ಕಾಂಟ್ಯಾಕ್ಟ್ಸ್" ಆರಿಸಿ, ಆಗ ಗೊತ್ತಿಲ್ಲದವರು ಗುಂಪಿಗೆ ಸೇರಿಸಲಾಗದು. ಅಲ್ಲೇ "ಕಾಲ್ಸ್" ಒಳಗೆ ಅಪರಿಚಿತ ಕರೆಗಳನ್ನು ಮೌನವಾಗಿಸುವ ಆಯ್ಕೆಯೂ ಇದೆ.

ಪ್ಲೇ ಸ್ಟೋರ್‌ನಲ್ಲಿ ಖರೀದಿಗೆ ಪ್ರತಿ ಸಲವೂ ದೃಢೀಕರಣ ಕೇಳುವಂತೆ ಇಡಿ. ಆಗಾಗ ಕೇಳುವುದು ಬೇಡ ಎಂಬ ಸಡಿಲ ಆಯ್ಕೆ ಹಾಕಿಕೊಂಡಿದ್ದರೆ, ಅಮ್ಮ ಏನೋ ಕೊಂಡ ಬೆನ್ನಿಗೇ ಮಗು ಆಟದ ನಾಣ್ಯ ಕೊಂಡರೂ ತಡೆ ಇರುವುದಿಲ್ಲ.

ಮಲ್ಲಿಗೆ_ಬಳ್ಳಿ

ಯೂಟ್ಯೂಬ್ ಕಿಡ್ಸ್ ಹಾಕಿದರೆ ಸಾಕಲ್ಲವೇ? ಅದರಲ್ಲಿ ಕೆಟ್ಟದ್ದು ಬರುವುದಿಲ್ಲ ಅಂತಾರೆ.

ಬೀಗದಕೈ

ಸಾಕಾಗುವುದಿಲ್ಲ ಮೇಡಂ, ಆದರೆ ಮಾಮೂಲಿ ಯೂಟ್ಯೂಬ್‌ಗಿಂತ ಬಹಳ ವಾಸಿ. ಕಾಮೆಂಟ್ ಇಲ್ಲ, ಮಗು ವಿಡಿಯೊ ಹಾಕಲಾಗದು. ಆಯ್ಕೆಗಳು ಹೀಗಿವೆ: 4 ವರ್ಷದವರೆಗೆ "ಪ್ರೀಸ್ಕೂಲ್", 5ರಿಂದ 8ಕ್ಕೆ "ಯಂಗರ್", 9ರಿಂದ 12ಕ್ಕೆ "ಓಲ್ಡರ್", ಇವಲ್ಲದೆ ಪೋಷಕರೇ ಒಪ್ಪಿದ ವಿಡಿಯೊ ಮತ್ತು ಚಾನೆಲ್ ಮಾತ್ರ ಕಾಣುವ ನಾಲ್ಕನೆಯದು. ಒಂದು, ಎರಡನೇ ತರಗತಿಯ ಮಕ್ಕಳಿಗೆ ಆ ನಾಲ್ಕನೆಯದನ್ನೇ ಆರಿಸಿ. ಒಂದು ಸಂಜೆ ಕೂತು ಹತ್ತು ಹದಿನೈದು ಒಳ್ಳೆಯ ಚಾನೆಲ್ ಒಪ್ಪಿಗೆ ಕೊಟ್ಟರೆ ಕೆಲಸ ಮುಗಿಯಿತು. ಉಳಿದ ಮೂರರಲ್ಲಿ ಆಯ್ಕೆ ಮಾಡುವುದು ಹೆಚ್ಚಾಗಿ ಯಂತ್ರ. ಮಕ್ಕಳ ಮೆಚ್ಚಿನ ಕಾರ್ಟೂನ್ ಪಾತ್ರಗಳ ವೇಷದಲ್ಲಿ ಹಿಂಸೆ, ಅಸಹ್ಯ ತುಂಬಿದ ವಿಡಿಯೊಗಳು ಈ ಸೋಸುವಿಕೆಯನ್ನೂ ದಾಟಿ ಬಂದದ್ದು 2017ರಲ್ಲಿ ದೊಡ್ಡ ಸುದ್ದಿಯಾಗಿತ್ತು. ಆಮೇಲೆ ಬಿಗಿ ಮಾಡಿದ್ದಾರೆ, ಆದರೂ ಒಂದೂ ನುಸುಳದು ಎಂಬ ಖಾತ್ರಿಯನ್ನು ಕಂಪನಿಯೂ ಕೊಡುವುದಿಲ್ಲ.

ಮುಖ್ಯವಾದದ್ದು ಇಲ್ಲಿದೆ. ಈ ಆ್ಯಪ್‌ನ ಮೂಲೆಯ ಬೀಗದ ಚಿಹ್ನೆ ಒತ್ತಿದರೆ ಪೋಷಕರೇ ಹೌದೋ ಎಂದು ತಿಳಿಯಲು ಒಂದು ಗುಣಾಕಾರದ ಲೆಕ್ಕ ಬರುತ್ತದೆ. ಮೂರನೇ ತರಗತಿಯ ಮಗುವಿಗೆ ಮಗ್ಗಿ ಬಾಯಿಪಾಠ. ಲೆಕ್ಕ ಬಿಡಿಸಿ ಒಳಗೆ ಹೋಗಿ ಟೈಮರ್ ತೆಗೆದು, ಹುಡುಕಾಟ ಆನ್ ಮಾಡಿಕೊಳ್ಳುತ್ತದೆ. ಹಾಗಾಗಿ ಮೊದಲು ಮಾಡಬೇಕಾದದ್ದು ಸ್ವಂತ ನಾಲ್ಕಂಕಿಯ ಪಾಸ್‌ಕೋಡ್ ಇಡುವುದು. ಹುಟ್ಟಿದ ವರ್ಷ, ಗಾಡಿ ನಂಬರ್ ಬೇಡ, ಅವು ಮಕ್ಕಳಿಗೆ ಗೊತ್ತಿರುತ್ತವೆ. ನಂತರ ಹುಡುಕಾಟ ಆಫ್ ಮಾಡಿ, ಒಂದಾದ ಮೇಲೊಂದು ತಾನಾಗಿ ಓಡುವ ಆಟೊಪ್ಲೇಯನ್ನೂ ಆಫ್ ಮಾಡಿ.

ಮಾಮೂಲಿ ಯೂಟ್ಯೂಬ್‌ನಲ್ಲಿ ದೊಡ್ಡವರ ವಿಡಿಯೊ ಸೋಸುವ "ರಿಸ್ಟ್ರಿಕ್ಟೆಡ್ ಮೋಡ್" ನಂಬಿ ಕೂರಬೇಡಿ. ಅದು ಆಯಾ ಬ್ರೌಸರ್‌ಗೆ, ಆಯಾ ಸಾಧನಕ್ಕೆ ಸೀಮಿತ. ಫೋನ್‌ನಲ್ಲಿ ಹಾಕಿದ್ದು ಟಿವಿಗೆ ಬರುವುದಿಲ್ಲ.

ಅಂಗಳ

ಟಿವಿ ಅಂದಾಗ ನೆನಪಾಯಿತು, ಟಿಪ್ಪಣಿಯಲ್ಲಿ ಅದನ್ನು ಬಿಡಬೇಡಿ. ಫೋನ್‌ಗೆಲ್ಲ ಬೀಗ ಹಾಕಿದ ಮನೆಯಲ್ಲೂ ಸ್ಮಾರ್ಟ್ ಟಿವಿಯ ಯೂಟ್ಯೂಬ್ ಅಪ್ಪನ ಖಾತೆಯಲ್ಲೇ ತೆರೆದಿರುತ್ತದೆ. ಟಿವಿಯಲ್ಲಿ ಬ್ರೌಸರ್ ಇದ್ದರೆ ಅದನ್ನು ತೆಗೆಯಿರಿ ಅಥವಾ ಪಿನ್ ಹಾಕಿ. ನೆಟ್‌ಫ್ಲಿಕ್ಸ್‌ನಂಥವುಗಳಲ್ಲಿ ಮಕ್ಕಳ ಪ್ರೊಫೈಲ್ ಮಾಡಿದರಷ್ಟೇ ಸಾಲದು, ದೊಡ್ಡವರ ಪ್ರೊಫೈಲ್‌ಗೆ ಲಾಕ್ ಹಾಕಬೇಕು. ಇಲ್ಲದಿದ್ದರೆ ಮಗು ಪಕ್ಕದ ಚಿತ್ರ ಒತ್ತುತ್ತದೆ, ಅಷ್ಟೇ.

ಕಂಪ್ಯೂಟರ್_ಮೇಷ್ಟ್ರು

ಮಗುವಿಗೇ ಬೇರೆ ಫೋನ್ ಅಥವಾ ಟ್ಯಾಬ್ ಇದ್ದರೆ ಮಾಡಬೇಕಾದದ್ದು ಬೇರೆ. ಆಂಡ್ರಾಯ್ಡ್ ಆದರೆ ಗೂಗಲ್‌ನ ಫ್ಯಾಮಿಲಿ ಲಿಂಕ್, ಮಗುವಿನ ಸಾಧನವನ್ನು ನಿಮ್ಮ ಫೋನ್‌ನಿಂದ ನಿಯಂತ್ರಿಸುವ ಆ್ಯಪ್. ಸಾಧನವನ್ನು ಫ್ಯಾಕ್ಟರಿ ರಿಸೆಟ್ ಮಾಡಿ (ಒಳಗಿನದೆಲ್ಲ ಅಳಿಸಿ ಹೊಸದರಂತೆ ಮಾಡುವುದು), ಮಗುವಿನ ಹೆಸರಿನಲ್ಲೇ ಮಗುವಿನ ಖಾತೆ ತೆರೆದು, ಅದರಿಂದ ಸೈನ್ ಇನ್ ಮಾಡಿ. ಅಪ್ಪನ ಹಳೆಯ ಫೋನ್ ಕೊಡುವಾಗ ಅಪ್ಪನ ಖಾತೆಯನ್ನು ಹಾಗೇ ಬಿಟ್ಟರೆ ಫ್ಯಾಮಿಲಿ ಲಿಂಕ್ ಹಾಕಿಯೂ ಹಾಕದ ಹಾಗೆ.

ಒಳಗೆ ಹೋದಮೇಲೆ ನೋಡಬೇಕಾದ ನಾಲ್ಕು ಕಡೆ:

ಆ್ಯಪ್ ಒಪ್ಪಿಗೆ "ಎಲ್ಲಕ್ಕೂ" ಎಂದಿರಲಿ. ಹಣ ಕೊಡುವ ಆ್ಯಪ್‌ಗೆ ಮಾತ್ರ ಎಂದಿದ್ದರೆ ಉಚಿತ ಚಾಟ್ ಆ್ಯಪ್‌ಗಳು ನೇರವಾಗಿ ಇಳಿಯುತ್ತವೆ. ಹಿಂದೆ ಒಪ್ಪಿದ ಆ್ಯಪ್ ಅಳಿಸಿದ್ದರೆ ಅದನ್ನು ಮತ್ತೆ ಹಾಕಿಕೊಳ್ಳಲು ಒಪ್ಪಿಗೆ ಕೇಳುವುದಿಲ್ಲ, ಆದ್ದರಿಂದ ಬೇಡದ್ದನ್ನು ಅಳಿಸುವುದರ ಜೊತೆಗೆ ಬ್ಲಾಕ್ ಕೂಡ ಮಾಡಿ.

ಕ್ರೋಮ್‌ಗೆ ಚಿಕ್ಕ ಮಕ್ಕಳಿಗಾದರೆ "ಒಪ್ಪಿದ ಸೈಟ್ ಮಾತ್ರ". ಐದನೇ ತರಗತಿಗೆ "ಅಶ್ಲೀಲ ಸೈಟ್ ತಡೆಯಲು ಪ್ರಯತ್ನಿಸು" ನಡೆಯುತ್ತದೆ. ಆ "ಪ್ರಯತ್ನಿಸು" ಎಂಬ ಪದ ಅಲ್ಲಿ ಸುಮ್ಮನೆ ಇಲ್ಲ.

ದಿನದ ಮಿತಿ ಮತ್ತು ರಾತ್ರಿಯ ವಿರಾಮ ಎರಡೂ ಬೇರೆ ಬೇರೆ. ಎರಡನ್ನೂ ಹಾಕಿ. ದಿನದ ಮಿತಿ ಮಾತ್ರ ಇದ್ದರೆ ಮಧ್ಯರಾತ್ರಿ ಹೊಸ ದಿನದ ಲೆಕ್ಕ ಶುರುವಾಗಿ ಫೋನ್ ತೆರೆಯುತ್ತದೆ.

ಕ್ಯಾಮೆರಾ, ಮೈಕ್, ಲೊಕೇಶನ್ ಅನುಮತಿಗಳನ್ನು ಆ್ಯಪ್ ಆ್ಯಪ್‌ಗೂ ನೋಡಿ. ಬಣ್ಣ ತುಂಬುವ ಆಟಕ್ಕೆ ಮೈಕ್ ಯಾಕೆ ಬೇಕು?

ಐಫೋನ್, ಐಪ್ಯಾಡ್ ಆದರೆ ಸೆಟ್ಟಿಂಗ್ಸ್‌ನೊಳಗಿನ "ಸ್ಕ್ರೀನ್ ಟೈಮ್". 2018ರಿಂದ ಎಲ್ಲದರಲ್ಲೂ ಇದೆ. ಅದರ ಪಾಸ್‌ಕೋಡ್ ಫೋನ್ ತೆರೆಯುವ ಪಾಸ್‌ಕೋಡ್ ಆಗಿರಬಾರದು. ಮಿತಿ ಹಾಕುವಾಗ "ಬ್ಲಾಕ್ ಅಟ್ ಎಂಡ್ ಆಫ್ ಲಿಮಿಟ್" ಆನ್ ಮಾಡದಿದ್ದರೆ ಅದು ಬರೀ ನೆನಪೋಲೆ, ಮಗು "ಇಗ್ನೋರ್" ಒತ್ತಿ ಮುಂದೆ ಹೋಗುತ್ತದೆ. ಆ್ಯಪ್ ಕೊಳ್ಳುವ ಮುನ್ನ ನಿಮ್ಮ ಒಪ್ಪಿಗೆ ಕೇಳುವ "ಆಸ್ಕ್ ಟು ಬೈ" ಆನ್ ಇರಲಿ. 2023ರಲ್ಲಿ ಬಂದ ಐಫೋನ್ ತಂತ್ರಾಂಶ ಐಒಎಸ್ 17ರಿಂದ 13ರ ಒಳಗಿನವರ ಖಾತೆಯಲ್ಲಿ ಬೆತ್ತಲೆ ಚಿತ್ರ ಬಂದರೆ ಮಸುಕು ಮಾಡುವ "ಕಮ್ಯುನಿಕೇಶನ್ ಸೇಫ್ಟಿ" ಮೊದಲೇ ಆನ್ ಆಗಿರುತ್ತದೆ. ಖಾತೆಯಲ್ಲಿ ನಿಜವಾದ ವಯಸ್ಸು ಇದ್ದರೆ ಮಾತ್ರ.

ಆಪ್ತಸಮಾಲೋಚಕಿ

ಮೇಷ್ಟ್ರು ಕೊನೆಯಲ್ಲಿ ಹೇಳಿದ ವಯಸ್ಸಿನ ಮಾತನ್ನು ಟಿಪ್ಪಣಿಯ ಮೇಲ್ಭಾಗದಲ್ಲೇ ಹಾಕಿ ಎಂದು ಕೇಳಿಕೊಳ್ಳುತ್ತೇನೆ. ವಾಟ್ಸಾಪ್, ಇನ್‌ಸ್ಟಾಗ್ರಾಂ ಎರಡಕ್ಕೂ ಕನಿಷ್ಠ ವಯಸ್ಸು 13. ಈ 13 ಎಂಬ ಅಂಕಿ ಎಲ್ಲ ಕಡೆ ಕಾಣಿಸುವುದಕ್ಕೆ ಮುಖ್ಯ ಕಾರಣ 1998ರ ಅಮೆರಿಕದ ಒಂದು ಕಾನೂನು, 13ರ ಒಳಗಿನ ಮಕ್ಕಳ ಮಾಹಿತಿ ಸಂಗ್ರಹಿಸಲು ಪೋಷಕರ ಒಪ್ಪಿಗೆ ಬೇಕೆಂದು ಅದು ಹೇಳಿತು. ಅದು ಮಾಹಿತಿ ರಕ್ಷಣೆಯ ಗೆರೆ. 13 ಆದ ಮಗುವಿಗೆ ಎಲ್ಲ ಅರ್ಥವಾಗುತ್ತದೆ ಎಂದು ಯಾರೂ ಪರೀಕ್ಷಿಸಿ ಇಟ್ಟದ್ದಲ್ಲ.

ಎಂಟು ವರ್ಷದ ಮಗುವಿಗೆ ಖಾತೆ ತೆರೆಯಲು ಅಪ್ಪನೇ ಹುಟ್ಟಿದ ವರ್ಷ ಇಪ್ಪತ್ತು ವರ್ಷ ಹಿಂದೆ ಹಾಕಿಕೊಡುವುದು ಮಾಮೂಲಿಯಾಗಿದೆ. ಆ ಕ್ಷಣದಿಂದ ಆ ಆ್ಯಪ್‌ಗೆ ಅದು ದೊಡ್ಡವರ ಖಾತೆ. ಅಪರಿಚಿತರ ಮೆಸೇಜ್ ತಡೆ, ಚಾಟ್‌ನ ಸೋಸುವಿಕೆ, ಜಾಹೀರಾತಿನ ಮಿತಿ ಎಲ್ಲವೂ ವಯಸ್ಸಿನ ಮೇಲೆ ನಿಂತಿರುವುದರಿಂದ ಎಲ್ಲವೂ ಒಟ್ಟಿಗೆ ಹೋಗುತ್ತವೆ. ಮಗುವಿಗೆ ಇನ್ನೊಂದು ಪಾಠವೂ ಸಿಗುತ್ತದೆ: ಪರದೆ ಕೇಳಿದರೆ ಸುಳ್ಳು ಹೇಳಬಹುದು.

ಗೇಮ್_ಅಣ್ಣ

ಆಟಗಳ ವಿಷಯ ಯಾರೂ ಎತ್ತಲಿಲ್ಲ. ಮೂರು, ನಾಲ್ಕು, ಐದನೇ ತರಗತಿಯವರಿಗೆ ಅಪರಿಚಿತರ ಜೊತೆ ಮೊದಲ ಮಾತು ಆಗುವುದು ಹೆಚ್ಚಾಗಿ ಆಟದೊಳಗಿನ ಚಾಟ್‌ನಲ್ಲಿ. ಪೋಷಕರಿಗೆ ಅದು ಆಟ, ಮಗುವಿಗೆ ಅದು ಮೈದಾನ, ಅಲ್ಲಿ ಜನ ಇದ್ದಾರೆ.

ರೋಬ್ಲಾಕ್ಸ್ (ಬಳಕೆದಾರರೇ ಮಾಡಿದ ಆಟಗಳನ್ನು ಒಟ್ಟಿಗೆ ಆಡುವ ಜಾಗ) ಆದರೆ: ಪೋಷಕರ ಖಾತೆಯನ್ನು ಮಗುವಿನ ಖಾತೆಗೆ ಜೋಡಿಸುವ ಸೌಲಭ್ಯ 2024ರ ನವೆಂಬರ್‌ನಲ್ಲಿ ಬಂತು. ಅದನ್ನು ಜೋಡಿಸಿದರೆ ನಿಮ್ಮ ಫೋನ್‌ನಿಂದಲೇ ಚಾಟ್, ಖರ್ಚಿನ ಮಿತಿ, ಆಟದ ಸಮಯ, ಗೆಳೆಯರ ಪಟ್ಟಿ ನೋಡಬಹುದು. ಮೈನ್‌ಕ್ರಾಫ್ಟ್ ಆದರೆ ಮೈಕ್ರೋಸಾಫ್ಟ್‌ನ ಫ್ಯಾಮಿಲಿ ಗುಂಪಿನಲ್ಲಿ ಮಗುವಿನ ಖಾತೆ ಮಾಡಿ, ಬೇರೆಯವರೊಂದಿಗೆ ಆಡುವ ಅನುಮತಿ ಆಫ್ ಮಾಡಿ. ಒಬ್ಬನೇ ಆಡಲು, ಮನೆಯ ವೈಫೈಯಲ್ಲಿ ಅಕ್ಕ ತಮ್ಮ ಆಡಲು ಹೊರಗಿನ ಸರ್ವರ್ ಬೇಕಿಲ್ಲ.

ದುರುದ್ದೇಶದವರು ಹತ್ತಿರವಾಗುವ ಕ್ರಮ ಬಹುತೇಕ ಒಂದೇ. ಮೊದಲು ಹೊಗಳಿಕೆ: ನೀನು ಎಷ್ಟು ಚೆನ್ನಾಗಿ ಆಡ್ತೀಯ. ಆಮೇಲೆ ಉಡುಗೊರೆ, ಆಟದ ನಾಣ್ಯವೋ ಅಪರೂಪದ ಬಟ್ಟೆಯೋ. ಮೂರನೆಯದಾಗಿ "ಇಲ್ಲಿ ಬೇಡ, ಬೇರೆ ಆ್ಯಪ್‌ಗೆ ಬಾ". ನಂತರ "ಅಮ್ಮನಿಗೆ ಹೇಳಬೇಡ". ಕೊನೆಗೆ ಫೋಟೊ. ಹೊಗಳಿಕೆ, ಉಡುಗೊರೆಯ ಹಂತದಲ್ಲಿ ಮಗುವಿಗೆ ಏನೂ ತಪ್ಪೆನಿಸುವುದಿಲ್ಲ, ಅನಿಸಬೇಕೆಂದು ನಿರೀಕ್ಷಿಸಲೂ ಬಾರದು. ಆದರೆ ಮೂರನೆಯದು ಮತ್ತು ನಾಲ್ಕನೆಯದನ್ನು ಎಂಟು ವರ್ಷದ ಮಗುವೂ ಗುರುತಿಸಬಲ್ಲದು. ಹಾಗಾಗಿ "ಅಪರಿಚಿತರ ಜೊತೆ ಮಾತಾಡಬೇಡ" ಎಂಬುದಕ್ಕಿಂತ ಇದನ್ನು ಕಲಿಸಿ: "ಯಾರಾದರೂ ಬೇರೆ ಆ್ಯಪ್‌ಗೆ ಕರೆದರೆ, ಗುಟ್ಟಾಗಿಡು ಅಂದರೆ, ತಕ್ಷಣ ನನಗೆ ತೋರಿಸು." ಹತ್ತು ದಿನ ಒಟ್ಟಿಗೆ ಆಡಿದವನು ಮಗುವಿನ ಲೆಕ್ಕದಲ್ಲಿ ಅಪರಿಚಿತನೇ ಅಲ್ಲ.

ಮಲ್ಲಿಗೆ_ಬಳ್ಳಿ

ಇಷ್ಟೆಲ್ಲ ಇದ್ದರೆ ಮಗುವಿಗೆ ಗೊತ್ತಾಗದಂತೆ ಎಲ್ಲ ಮೆಸೇಜ್ ನಮಗೆ ಬರುವ ಆ್ಯಪ್ ಹಾಕುವುದೇ ಒಳ್ಳೆಯದಲ್ಲವೇ?

ಆಪ್ತಸಮಾಲೋಚಕಿ

ಬೇಡ ಮೇಡಂ. ಗುಟ್ಟಾಗಿ ಕಣ್ಣಿಡುವ ಆ್ಯಪ್‌ಗಳು ಮಗುವಿನ ಫೋಟೊ, ಲೊಕೇಶನ್, ಮಾತು ಎಲ್ಲವನ್ನೂ ಇನ್ನೊಂದು ಕಂಪನಿಯ ಸರ್ವರ್‌ಗೆ ಕಳಿಸುತ್ತವೆ. ಆ ಕಂಪನಿಯಿಂದ ಸೋರಿದರೆ? ಎರಡನೆಯದಾಗಿ, ಅದರಲ್ಲಿ ಕಂಡದ್ದನ್ನು ಮಗುವಿನ ಬಳಿ ಎತ್ತಿದ ಕ್ಷಣವೇ ಗುಟ್ಟು ರಟ್ಟಾಗುತ್ತದೆ. ಅಲ್ಲಿಂದ ಮುಂದೆ ಮಗು ಮುಚ್ಚಿಡುವುದನ್ನು ಕಲಿಯುತ್ತದೆ. ಈ ವಯಸ್ಸಿನಲ್ಲಿ ನೋಡುವ ಹಕ್ಕು ನಿಮಗಿದೆ, ಬಹಿರಂಗವಾಗಿ ನೋಡಿ. "ಭಾನುವಾರ ಇಬ್ಬರೂ ಕೂತು ನಿನ್ನ ಟ್ಯಾಬ್ ನೋಡೋಣ" ಎಂದು ಮೊದಲೇ ಹೇಳಿ. ಗೆಳೆಯರ ಪಟ್ಟಿ ತೆರೆದು ಒಂದೊಂದು ಹೆಸರಿಗೂ "ಇದು ಯಾರು, ಎಲ್ಲಿ ನೋಡಿದ್ದೀಯ?" ಎಂದು ಕೇಳಿ. ನೇರವಾಗಿ ಕಂಡಿಲ್ಲದವರನ್ನು ಅಲ್ಲೇ ಇಬ್ಬರೂ ಸೇರಿ ತೆಗೆಯಿರಿ.

ಮಕ್ಕಳು ಹೇಳದೆ ಇರುವುದಕ್ಕೆ ಬಹಳ ಸಲ ಕಾರಣ ಒಂದೇ: ಹೇಳಿದರೆ ಫೋನ್ ಕಿತ್ತುಕೊಳ್ಳುತ್ತಾರೆ. ಬೆದರಿಸುವವನಿಗೂ ಇದು ಗೊತ್ತು, "ನಿನ್ನ ಅಮ್ಮನಿಗೆ ಹೇಳ್ತೀನಿ" ಎಂಬುದೇ ಅವನ ಆಯುಧ. ಆದ್ದರಿಂದ ಏನೂ ಆಗದ ಒಂದು ಸಾಮಾನ್ಯ ದಿನ ಮಗುವಿಗೆ ಈ ಮಾತು ಕೊಡಿ: "ಏನೇ ಕಂಡರೂ, ನೀನೇ ಏನಾದರೂ ಮಾಡಿಬಿಟ್ಟಿದ್ದರೂ ನನಗೆ ಹೇಳು. ಬೈಯುವುದಿಲ್ಲ, ಹೇಳಿದ್ದಕ್ಕೆ ಫೋನ್ ಕಿತ್ತುಕೊಳ್ಳುವುದಿಲ್ಲ." ಮೊದಲ ಸಲ ಮಗು ಬಂದು ಹೇಳಿದಾಗ ನಿಮ್ಮ ಮುಖ ಹೇಗಿರುತ್ತದೆ ಎಂಬುದರ ಮೇಲೆ ಎರಡನೇ ಸಲ ಹೇಳುತ್ತದೋ ಇಲ್ಲವೋ ನಿಂತಿದೆ. ಮೇಲೆ ಹೇಳಿದ ಪ್ರತಿ ಸೆಟ್ಟಿಂಗ್ ಒಂದಲ್ಲ ಒಂದು ದಿನ ಕೈಕೊಡುತ್ತದೆ, ಆ ದಿನ ಉಳಿಯುವುದು ಈ ಮಾತು ಮಾತ್ರ.

ಓದುಬರಹ

ಇದು ತುಂಬಾ ಮುಖ್ಯ, ಟಿಪ್ಪಣಿಗೆ ಸೇರುತ್ತದೆ. ಏನಾದರೂ ನಡೆದೇ ಹೋಗಿದ್ದರೆ ಆ ಗಂಟೆಯಲ್ಲಿ ಏನು ಮಾಡಬೇಕು?

ಆಪ್ತಸಮಾಲೋಚಕಿ

ಗಾಬರಿಯಲ್ಲಿ ಎಲ್ಲರೂ ಮೊದಲು ಮಾಡುವುದು ಅಳಿಸುವುದು. ಅದು ಬೇಡ. ಚಾಟ್‌ನ, ಎದುರಿನವರ ಪ್ರೊಫೈಲ್‌ನ, ಬಳಕೆಯ ಹೆಸರಿನ ಸ್ಕ್ರೀನ್‌ಶಾಟ್ ತೆಗೆಯಿರಿ, ದಿನಾಂಕ ಮತ್ತು ಸಮಯ ಕಾಣುವಂತಿರಲಿ. ಆಮೇಲೆ ಆ್ಯಪ್‌ನೊಳಗೇ ದೂರು ಕೊಡಿ. ಬ್ಲಾಕ್ ಮಾಡುವುದು ಅದರ ನಂತರ, ಏಕೆಂದರೆ ಕೆಲವು ಕಡೆ ಬ್ಲಾಕ್ ಮಾಡಿದ ಮೇಲೆ ಪ್ರೊಫೈಲ್ ಕಾಣಿಸುವುದಿಲ್ಲ. ಎದುರಿನವರಿಗೆ ನೀವು ಉತ್ತರಿಸಿ ಬೈಯಬೇಡಿ, ಖಾತೆ ಅಳಿಸಿ ಮಾಯವಾಗುತ್ತಾರೆ. ಹಣ ಕೇಳಿದರೆ ಕೊಡಬೇಡಿ, ಕೊಟ್ಟವರನ್ನು ಮತ್ತೆ ಕೇಳುತ್ತಾರೆ. ಪೊಲೀಸರಿಗೆ ದೂರು ಕೊಡುವಾಗ ಫೋನ್ ಇದ್ದ ಸ್ಥಿತಿಯಲ್ಲೇ ಒಯ್ಯಿರಿ.

ಒಂದು ಎಚ್ಚರಿಕೆ: ಮಗುವಿನ ಬೆತ್ತಲೆ ಚಿತ್ರ ಅದರಲ್ಲಿದ್ದರೆ ಸಾಕ್ಷಿಗಾಗಿ ಎಂದುಕೊಂಡೂ ಅದನ್ನು ನಕಲು ಮಾಡಬೇಡಿ, ಸಂಬಂಧಿಕರಿಗೋ ಶಿಕ್ಷಕರಿಗೋ ಕಳಿಸಬೇಡಿ. ಅಂಥ ಚಿತ್ರ ಹಂಚುವುದು ಬಹಳಷ್ಟು ದೇಶಗಳಲ್ಲಿ ಅಪರಾಧ, ಉದ್ದೇಶ ಒಳ್ಳೆಯದಿದ್ದರೂ. ಚಿತ್ರ ಹರಡುವ ಭಯವಿದ್ದರೆ "ಟೇಕ್ ಇಟ್ ಡೌನ್" ಎಂಬ ಉಚಿತ ಸೇವೆಯಿದೆ, ಅಮೆರಿಕದ ಕಾಣೆಯಾದ ಮತ್ತು ಶೋಷಿತ ಮಕ್ಕಳ ರಾಷ್ಟ್ರೀಯ ಕೇಂದ್ರದ್ದು, ಬೇರೆ ದೇಶದವರೂ ಬಳಸಬಹುದು. ಚಿತ್ರ ನಿಮ್ಮ ಸಾಧನ ಬಿಟ್ಟು ಹೋಗುವುದಿಲ್ಲ. ಅದರಿಂದ ಒಂದು ಅಂಕಿಗುರುತು ತಯಾರಾಗಿ ಅದಷ್ಟೇ ಹೋಗುತ್ತದೆ. ಸೇರಿಕೊಂಡಿರುವ ಜಾಲತಾಣಗಳು ಆ ಗುರುತಿಗೆ ಹೊಂದುವ ಚಿತ್ರವನ್ನು ಹುಡುಕಿ ತೆಗೆಯುತ್ತವೆ. ಇನ್ನೊಬ್ಬರ ಫೋನ್‌ನಲ್ಲಿ ಉಳಿದಿರುವ ಪ್ರತಿಗೆ ಇದು ಮುಟ್ಟುವುದಿಲ್ಲ.

ತಂತಿಮನೆ

ವೈಫೈ ಮಟ್ಟದಲ್ಲಿ ಒಂದು ಜರಡಿ ಹಾಕಬಹುದು, ಖರ್ಚಿಲ್ಲ. ಮನೆಗೆ ವೈಫೈ ಕೊಡುವ ರೂಟರ್‌ನ ಸೆಟ್ಟಿಂಗ್ ಇರುವ ಅಡ್ಮಿನ್ ಪುಟಕ್ಕೆ ಹೋಗಿ (ಮೊದಲು ಅದರ ಫ್ಯಾಕ್ಟರಿ ಪಾಸ್‌ವರ್ಡ್ ಬದಲಿಸಿ, ರೂಟರ್‌ನ ಅಡಿಯಲ್ಲೇ ಬರೆದಿರುತ್ತದೆ, ಮಕ್ಕಳು ಓದುತ್ತಾರೆ) ಡಿಎನ್‌ಎಸ್ (ಸೈಟ್‌ನ ಹೆಸರಿನಿಂದ ಅದರ ಅಂಕಿಯ ವಿಳಾಸ ಹುಡುಕಿಕೊಡುವ ವ್ಯವಸ್ಥೆ) ಜಾಗದಲ್ಲಿ 1.1.1.3 ಮತ್ತು 1.0.0.3 ಹಾಕಿ. ಕ್ಲೌಡ್‌ಫ್ಲೇರ್ ಎಂಬ ಇಂಟರ್ನೆಟ್ ಕಂಪನಿ 2020ರಲ್ಲಿ ಮನೆಗಳಿಗೆಂದು ಕೊಟ್ಟದ್ದು, ವೈರಸ್ ಸೈಟ್ ಮತ್ತು ಅಶ್ಲೀಲ ಸೈಟ್ ಎರಡನ್ನೂ ತಡೆಯುತ್ತದೆ. ಕೊನೆಯ ಅಂಕಿ 2 ಆದರೆ ವೈರಸ್ ಮಾತ್ರ, 1 ಆದರೆ ಏನೂ ತಡೆಯುವುದಿಲ್ಲ. ಹಾಗಾಗಿ ಅಂಕಿ ಸರಿಯಾಗಿ ನೋಡಿ.

ಕೈಕೊಡುವ ಜಾಗಗಳು: ಮೊಬೈಲ್ ಡೇಟಾ ಆನ್ ಮಾಡಿದರೆ ರೂಟರ್‌ಗೆ ಸಂಬಂಧವೇ ಇಲ್ಲ. ಇದಕ್ಕೆ ಆಂಡ್ರಾಯ್ಡ್ 9ರಿಂದ ಮೇಲಿನ ಫೋನ್‌ಗಳಲ್ಲಿ "ಪ್ರೈವೇಟ್ ಡಿಎನ್‌ಎಸ್" ಎಂಬಲ್ಲಿ ಅದೇ ಕಂಪನಿಯ ಮನೆಬಳಕೆಯ ವಿಳಾಸ ಹಾಕಬಹುದು, ಆಗ ಡೇಟಾದಲ್ಲೂ ಕೆಲಸ ಮಾಡುತ್ತದೆ. ಇಂಟರ್ನೆಟ್ ಸಂಚಾರವನ್ನು ಬೇರೆ ದಾರಿಯಲ್ಲಿ ಕಳಿಸುವ ವಿಪಿಎನ್ ಆ್ಯಪ್ ಇದ್ದರೆ ಈ ತಡೆಯೆಲ್ಲ ವ್ಯರ್ಥ. ಬ್ರೌಸರ್‌ನ "ಸೆಕ್ಯೂರ್ ಡಿಎನ್‌ಎಸ್"ನಲ್ಲಿ ಬೇರೆ ಕಂಪನಿ ಆರಿಸಿದ್ದರೂ ಅಷ್ಟೇ. ರೂಟರ್‌ನಲ್ಲಿ ಐಪಿವಿ6 (ಹೊಸ ಬಗೆಯ ಇಂಟರ್ನೆಟ್ ವಿಳಾಸ) ಆನ್ ಇದ್ದು ಅಲ್ಲಿ ಡಿಎನ್‌ಎಸ್ ಬದಲಿಸದಿದ್ದರೆ ಅರ್ಧ ಬಾಗಿಲು ತೆರೆದೇ ಇರುತ್ತದೆ. ಯೂಟ್ಯೂಬ್ ಒಳಗಿನ ಕೆಟ್ಟ ವಿಡಿಯೊ, ವಾಟ್ಸಾಪ್‌ಗೆ ಬಂದ ಚಿತ್ರ ಇದರಿಂದ ನಿಲ್ಲುವುದಿಲ್ಲ. ಡಿಎನ್‌ಎಸ್‌ಗೆ ಗೊತ್ತಾಗುವುದು ಸೈಟ್‌ನ ಹೆಸರು ಮಾತ್ರ.

ಇನ್ನು ರಾತ್ರಿ 9ಕ್ಕೆ ಮಗುವಿನ ಟ್ಯಾಬ್‌ಗೆ ವೈಫೈ ನಿಲ್ಲಿಸುವ ವೇಳಾಪಟ್ಟಿ. ರೂಟರ್ ಸಾಧನವನ್ನು ಗುರುತಿಸುವುದು ಅದರ ಮ್ಯಾಕ್ ವಿಳಾಸದಿಂದ, ಅಂದರೆ ಸಾಧನದ ಗುರುತಿನ ಸಂಖ್ಯೆಯಿಂದ. ಆಂಡ್ರಾಯ್ಡ್ 10, ಐಒಎಸ್ 14ರಿಂದ ಈಚೆಗೆ ಸಾಧನಗಳು ಬದಲಿ ವಿಳಾಸ ತೋರಿಸುತ್ತವೆ. ಮಗು ವೈಫೈ ಸೆಟ್ಟಿಂಗ್‌ನಲ್ಲಿ ಆ ಆಯ್ಕೆ ಬದಲಿಸಿದರೆ ರೂಟರ್‌ಗೆ ಅದು ಹೊಸ ಸಾಧನ, ವೇಳಾಪಟ್ಟಿ ಅನ್ವಯಿಸುವುದಿಲ್ಲ. ಸುಲಭ ಪರಿಹಾರ: ರೂಟರ್‌ನಲ್ಲಿ ಗೆಸ್ಟ್ ನೆಟ್‌ವರ್ಕ್ (ಅತಿಥಿಗಳಿಗೆಂದು ಬೇರೆ ಪಾಸ್‌ವರ್ಡ್ ಇರುವ ವೈಫೈ) ತೆರೆದು, ಮಗುವಿಗೆ ಅದರ ಪಾಸ್‌ವರ್ಡ್ ಮಾತ್ರ ಕೊಟ್ಟು, ಆ ನೆಟ್‌ವರ್ಕ್ ಅನ್ನೇ 9ಕ್ಕೆ ಆಫ್ ಮಾಡಿ.

ಅಂಗಳ

ಪೋಷಕರೇ ಹಾಕುವ ಫೋಟೊಗಳ ಬಗ್ಗೆಯೂ ಒಂದು ಸಾಲು ಇರಲಿ. ಸಮವಸ್ತ್ರ, ಶಾಲೆಯ ಬ್ಯಾಡ್ಜ್, ಗುರುತಿನ ಚೀಟಿ, ಶಾಲಾ ವಾಹನದ ನಂಬರ್ ಕಾಣುವ ಚಿತ್ರ ಸ್ಟೇಟಸ್‌ಗೆ ಹಾಕಿದರೆ ಮಗುವಿನ ಹೆಸರು, ಶಾಲೆ, ಸಮಯ ಮೂರೂ ಹೊರಗೆ ಹೋದಂತೆ. ಕ್ಯಾಮೆರಾದಲ್ಲಿ ಲೊಕೇಶನ್ ಟ್ಯಾಗ್ ಆಫ್ ಮಾಡಿ.

"ಈ ಆಟ ಆಡಿದ ಮಕ್ಕಳು ಸಾಯುತ್ತಿದ್ದಾರೆ" ಎಂಬ ಮೆಸೇಜುಗಳನ್ನು ತರಗತಿಯ ಗುಂಪಿಗೆ ಕಳಿಸಬೇಡಿ. 2019ರ ಫೆಬ್ರವರಿಯಲ್ಲಿ ಹಬ್ಬಿದ "ಮೋಮೋ" (ವಿಕಾರ ಮುಖದ ಪಾತ್ರವೊಂದು ಮಕ್ಕಳಿಗೆ ಅಪಾಯದ ಸವಾಲು ಹಾಕುತ್ತದೆ ಎಂಬ) ಗಾಳಿಸುದ್ದಿಯಲ್ಲಿ ಮಕ್ಕಳು ಹೆದರಿದ್ದು ದೊಡ್ಡವರು ಹಂಚಿದ ಆ ಮುಖದ ಚಿತ್ರ ನೋಡಿ.

ಮಲ್ಲಿಗೆ_ಬಳ್ಳಿ

ದಿನಕ್ಕೆ ಎಷ್ಟು ಗಂಟೆ ಸರಿ?

ಆಪ್ತಸಮಾಲೋಚಕಿ

2ರಿಂದ 5 ವರ್ಷಕ್ಕೆ ಒಂದು ಗಂಟೆ ಎಂದು ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2016ರಲ್ಲಿ ಹೇಳಿತು. 6 ದಾಟಿದವರಿಗೆ ಗಂಟೆಯ ಅಂಕಿ ಕೊಡಲಿಲ್ಲ, ನಿದ್ದೆ, ಆಟ, ಓದಿಗೆ ಕುತ್ತಾಗದಂತೆ ಒಂದೇ ರೀತಿಯ ಮಿತಿ ಇರಲಿ ಎಂದಿತು. ಒಂದು ದಿನ ಅರ್ಧ ಗಂಟೆ, ಮರುದಿನ ನಿಮಗೆ ಕೆಲಸವಿದೆ ಎಂದು ಮೂರು ಗಂಟೆ ಆದರೆ ಮಗು ದಿನವೂ ಚೌಕಾಸಿ ಮಾಡುತ್ತದೆ. ಮಲಗುವ ಕೋಣೆಯಲ್ಲಿ ಚಾರ್ಜರ್ ಇಡಬೇಡಿ, ಎಲ್ಲರ ಫೋನೂ ರಾತ್ರಿ ಹಾಲ್‌ನಲ್ಲೇ ಇರಲಿ.

ಓದುಬರಹ

ಕೊನೆಯ ಪ್ರಶ್ನೆ. ಈಗಾಗಲೇ ತಪ್ಪು ಹುಟ್ಟಿದ ವರ್ಷ ಹಾಕಿ ಖಾತೆ ತೆರೆದುಬಿಟ್ಟಿರುವವರು ಏನು ಮಾಡಬೇಕು?

ಕಂಪ್ಯೂಟರ್_ಮೇಷ್ಟ್ರು

ಗೂಗಲ್ ಖಾತೆಯಾದರೆ ವೈಯಕ್ತಿಕ ಮಾಹಿತಿಯಲ್ಲಿ ಹುಟ್ಟಿದ ದಿನಾಂಕ ತಿದ್ದಿ. ವಯಸ್ಸು ಮಿತಿಗಿಂತ ಕಡಿಮೆ ಎಂದು ಕಂಡಾಗ ಪೋಷಕರ ಮೇಲ್ವಿಚಾರಣೆ ಜೋಡಿಸಲು ಕೇಳುತ್ತದೆ, ಕೊಟ್ಟ ಗಡುವಿನೊಳಗೆ ಜೋಡಿಸದಿದ್ದರೆ ಖಾತೆ ನಿಲ್ಲುತ್ತದೆ. ಆದ್ದರಿಂದ ತಿದ್ದುವ ಮೊದಲೇ ಅದರಲ್ಲಿರುವ ಫೋಟೊ, ಶಾಲೆಯ ಕಡತಗಳನ್ನು ಇನ್ನೊಂದು ಕಡೆ ಉಳಿಸಿಕೊಳ್ಳಿ.

ಗೇಮ್_ಅಣ್ಣ

ಆಟದ ಖಾತೆಯಲ್ಲಿ ಮೊದಲು ವಯಸ್ಸು ತಿದ್ದಲು ಬಿಡುತ್ತದೋ ನೋಡಿ. ಬಿಡದಿದ್ದರೆ ಹೊಸ ಖಾತೆಯೇ ದಾರಿ. ಸಾಮಾನ್ಯವಾಗಿ ಹಳೆಯದರಲ್ಲಿ ಕೊಂಡದ್ದು, ಗೆದ್ದದ್ದು ಹೊಸದಕ್ಕೆ ಬರುವುದಿಲ್ಲ, ಮಗು ಅಳುವುದು ಅದಕ್ಕೇ. ಮೊದಲೇ ಹೇಳಿ, ಮಗುವನ್ನೇ ಪಕ್ಕದಲ್ಲಿ ಕೂರಿಸಿಕೊಂಡು ಹೊಸದನ್ನು ತೆರೆಯಿರಿ. ಬಳಕೆಯ ಹೆಸರು ಮಗುವೇ ಆರಿಸಲಿ, ಅದರಲ್ಲಿ ನಿಜವಾದ ಹೆಸರು, ಶಾಲೆ, ಹುಟ್ಟಿದ ವರ್ಷ ಇರದಂತೆ ಮಾತ್ರ ನೋಡಿಕೊಳ್ಳಿ. ನೇರವಾಗಿ ಗೊತ್ತಿರುವ ಗೆಳೆಯರನ್ನು ಹೊಸದಕ್ಕೆ ಸೇರಿಸಿದ ಮೇಲೆ ಹಳೆಯ ಖಾತೆಯನ್ನು ಮುಚ್ಚಿ, ಫೋನ್‌ನಿಂದ ಲಾಗ್ ಔಟ್ ಮಾಡಿದರೆ ಮುಚ್ಚಿದಂತಲ್ಲ.